ಮರಗಳ ಸಂದಿನಲ್ಲಿ ಡಿಸ್ಕ್ ಗಾಲ್ಫ್: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಆಟೋಟಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ಮಲೆನಾಡಿನ ಬೇರೆ ಬೇರೆ ಊರುಗಳಿಂದ ಒಂದೇ ಆಟದ ಕುರಿತು ಇಷ್ಟು ಪತ್ರಗಳು ಬಂದದ್ದು ಅಪರೂಪ. ಅವುಗಳಲ್ಲಿ ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರವೇ ಹೆಚ್ಚು ವಿವರವಾಗಿರುವುದರಿಂದ ಅದನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಹೋದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಅಲ್ಲಿನ ಸಾರ್ವಜನಿಕ ಉದ್ಯಾನಕ್ಕೆ ಕರೆದೊಯ್ದು ಡಿಸ್ಕ್ ಗಾಲ್ಫ್ ಆಡಿಸಿದರು. ಉದ್ಯಾನವೆಂದರೆ ನಮ್ಮ ಗಾಂಧಿ ಪಾರ್ಕಿನಂತಹುದಲ್ಲ, ಮುಕ್ಕಾಲು ಪಾಲು ಕಾಡೇ. ನಾನು ಬಲ ಹಾಕಿ ಎಸೆದಷ್ಟೂ ಡಿಸ್ಕ್ ಮರಕ್ಕೆ ಬಡಿಯುತ್ತಿತ್ತು. ಊಟವಾದ ಮೇಲೆ ಹಾಳೆತಟ್ಟೆ ಬಿಸಾಡಿದಂತೆ ಸಲೀಸಾಗಿ ಎಸೆಯುತ್ತಿದ್ದ ಮೊಮ್ಮಗಳು ನನಗಿಂತ ಹದಿನಾಲ್ಕು ಎಸೆತ ಕಡಿಮೆಯಲ್ಲಿ ಆಟ ಮುಗಿಸಿದಳು. ಮೂರು ಡಿಸ್ಕುಗಳನ್ನು ಊರಿಗೆ ತಂದಿದ್ದೇನೆ. ಮರಗಳ ನಡುವೆ ಆಡುವ ಸರಿಯಾದ ಕ್ರಮ ಯಾವುದು? (ವಿನೋಬನಗರ, ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ನಿಮ್ಮ ಮೊಮ್ಮಗಳು ಗೆದ್ದದ್ದು ಹಾಳೆತಟ್ಟೆ ಬಿಸಾಡಿದಂತೆ ಎಸೆದದ್ದರಿಂದಲೇ. ಏಕೆಂದು ವಿವರಿಸುವ ಮುನ್ನ, ಈ ಆಟವನ್ನೇ ನೋಡಿರದ ಓದುಗರಿಗಾಗಿ ಎರಡು ಮಾತು ಹೇಳಬೇಕಾಗಿದೆ. ಆಟದ ಕ್ರಮವೆಲ್ಲ ಗಾಲ್ಫಿನದೇ. ಚೆಂಡಿನ ಬದಲು ಸುಮಾರು 21 ಸೆಂಟಿಮೀಟರ್ ಅಡ್ಡಳತೆಯ, 150ರಿಂದ 180 ಗ್ರಾಂ ತೂಗುವ ಪ್ಲಾಸ್ಟಿಕ್ ಡಿಸ್ಕ್ ಇರುತ್ತದೆ. ನೆಲದ ಕುಳಿಯ ಬದಲು ಕಂಬಕ್ಕೆ ಕೂರಿಸಿದ, ಮೇಲಿನಿಂದ ಸರಪಣಿಗಳು ಇಳಿಬಿದ್ದಿರುವ ಲೋಹದ ಬುಟ್ಟಿ ಇರುತ್ತದೆ. ಕುಳಿಯೇ ಇಲ್ಲದಿದ್ದರೂ ಒಂದೊಂದು ಘಟ್ಟವನ್ನು ಆಟಗಾರರು ಇಂದಿಗೂ ಹೋಲ್ ಎಂದೇ ಕರೆಯುತ್ತಾರೆ. ಮೊದಲ ಎಸೆತ ಗುರುತು ಹಾಕಿದ ಕಟ್ಟೆಯಿಂದ; ಡಿಸ್ಕ್ ಬಿದ್ದಲ್ಲಿಂದ ಮುಂದಿನ ಎಸೆತ; ಹೀಗೆ ಎಷ್ಟು ಎಸೆತಗಳಲ್ಲಿ ಬುಟ್ಟಿ ಸೇರಿತು ಎಂಬುದೇ ಲೆಕ್ಕ. ಸಾಮಾನ್ಯವಾಗಿ ಒಂಬತ್ತು ಇಲ್ಲವೇ ಹದಿನೆಂಟು ಹೋಲ್‌ಗಳಿರುತ್ತವೆ.

ಮರಕ್ಕೂ ಈ ಆಟಕ್ಕೂ ಇರುವ ನಂಟು ಹುಟ್ಟಿನಿಂದಲೇ ಬಂದದ್ದು. ಸರಪಣಿ ಬುಟ್ಟಿ ಬರುವ ಮೊದಲು ಹವ್ಯಾಸಿಗಳು ಯಾವುದೋ ಮರವನ್ನೋ ದೀಪದ ಕಂಬವನ್ನೋ ಗುರಿಯಾಗಿ ಇಟ್ಟುಕೊಂಡು ಆಡುತ್ತಿದ್ದರು. ತಗುಲಿತೋ ಇಲ್ಲವೋ ಎಂಬ ಜಗಳ ಮಾತ್ರ ಮುಗಿಯುತ್ತಿರಲಿಲ್ಲ. ಫ್ರಿಸ್ಬಿ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಮೊದಲ ಕಾಯಂ ಅಂಕಣವನ್ನು ರೂಪಿಸಿದರು. ಓಕ್ ಮರಗಳ ತೋಪು ಎಂಬುದೇ ಆ ಹೆಸರಿನ ಅರ್ಥ. ಮರುವರ್ಷ ವೃತ್ತಿಪರ ಆಟಗಾರರ ಸಂಘವಾದ ಪಿಡಿಜಿಎ ಸ್ಥಾಪನೆಯಾಯಿತು, 1977ರಲ್ಲಿ ಅವರ ಸರಪಣಿ ಬುಟ್ಟಿಗೆ ಪೇಟೆಂಟ್ ದೊರೆಯಿತು. 2002ರಲ್ಲಿ ತೀರಿಕೊಂಡ ಹೆಡ್ರಿಕ್ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಕೆಲವು ಡಿಸ್ಕುಗಳ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಅಚ್ಚು ಹಾಕಲಾಯಿತು. ಕೂಡ್ಲಿಯ ಸಂಗಮದಲ್ಲಿ ಅಸ್ಥಿ ಬಿಡುವ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ಆಟದ ಮೇಲಿನ ಮಮತೆ ಎಷ್ಟಿತ್ತೆಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಗಣಿತ ಕಲಿಸಿದವರಾಗಿದ್ದರೆ ನಿಮಗೆ ಇದು ಕೂಡಲೇ ಹೊಳೆಯುತ್ತದೆ. ಎಸೆತದ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ, 20 ಮೀಟರ್ ದೂರ ಹೋಗುವಷ್ಟರಲ್ಲಿ ಡಿಸ್ಕ್ ಸುಮಾರು 35 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 60 ಮೀಟರಿನಲ್ಲಿ ಅದು ಒಂದು ಮೀಟರನ್ನು ದಾಟುತ್ತದೆ. ಹಾಗಾಗಿ ಎರಡು ಮರಗಳ ನಡುವಿನ ಮೂರು ಮೀಟರ್ ಸಂದು 20 ಮೀಟರ್ ದೂರದಲ್ಲಿದ್ದರೆ ನೀವು ಎಡಕ್ಕಾಗಲಿ ಬಲಕ್ಕಾಗಲಿ ನಾಲ್ಕು ಡಿಗ್ರಿಯಷ್ಟು ತಪ್ಪಿದರೂ ಪಾರಾಗಬಹುದು. ಅದೇ ಸಂದು 60 ಮೀಟರ್ ಆಚೆ ಇದ್ದರೆ ಒಂದೂವರೆ ಡಿಗ್ರಿಯ ತಪ್ಪನ್ನೂ ಅದು ಕ್ಷಮಿಸುವುದಿಲ್ಲ. ಮೈಯೆಲ್ಲ ತಿರುಗಿಸಿ ಬಲವಾಗಿ ಎಸೆಯುವಾಗ ಹೊಸಬರ ಕೈ ನಾಲ್ಕೈದು ಡಿಗ್ರಿ ಆಚೀಚೆ ಆಗುವುದು ಸಹಜ. ನಿಂತಲ್ಲಿಂದಲೇ ಅರ್ಧ ಬಲದಲ್ಲಿ ಎಸೆದಾಗ ಈ ತಪ್ಪು ಬಹಳ ಕಡಿಮೆಯಾಗುತ್ತದೆ. ಜೊತೆಗೆ, ರಭಸದಿಂದ ಬಂದ ಡಿಸ್ಕ್ ಕಾಂಡಕ್ಕೆ ಬಡಿದರೆ ಎತ್ತಲೋ ಚಿಮ್ಮಿ ಪೊದೆಯ ಒಳಗೆ ಬೀಳುತ್ತದೆ. ಮೆಲ್ಲಗೆ ಬಂದದ್ದು ಬಡಿದರೂ ಆ ಮರದ ಬುಡದಲ್ಲೇ ಬಿದ್ದಿರುತ್ತದೆ. ಹದಿನೆಂಟು ಹೋಲ್‌ಗಳಲ್ಲಿ ಹದಿನಾಲ್ಕು ಎಸೆತಗಳ ಅಂತರ ಬಂದದ್ದು ಬಹುತೇಕ ಇದರಿಂದಲೇ ಇರಬೇಕು.

ಆದುದರಿಂದ ಕಟ್ಟೆಯ ಮೇಲೆ ನಿಂತಾಗ ಬುಟ್ಟಿಯನ್ನು ನೋಡುತ್ತ ನಿಲ್ಲಬೇಡಿ. ದೂರದ ಬುಟ್ಟಿಯನ್ನು ನೋಡಿ ಎಸೆದವರ ಡಿಸ್ಕ್ ಹತ್ತಿರದ ಮರಕ್ಕೆ ಬಡಿಯುವುದನ್ನು ನಾನು ಎಷ್ಟು ಸಲ ಕಂಡಿದ್ದೇನೆಂದರೆ ಈಗ ನಗುವೂ ಬರುವುದಿಲ್ಲ. ಮೊದಲು ಎದುರಿಗಿರುವ ಸಂದುಗಳನ್ನು ಎಣಿಸಿ, ಅವುಗಳಲ್ಲಿ ಅತಿ ಅಗಲವಾದುದನ್ನು ಆರಿಸಿ, ಅದರಾಚೆ ಡಿಸ್ಕ್ ಎಲ್ಲಿ ಬಿದ್ದರೆ ಮುಂದಿನ ಎಸೆತಕ್ಕೆ ದಾರಿ ತೆರೆದಿರುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡು, ಆ ಸಂದಿನ ನಡುವೆ ಕಾಣುವ ಯಾವುದಾದರೂ ಎಲೆಯನ್ನೋ ರೆಂಬೆಯನ್ನೋ ಗುರಿಯಾಗಿಸಿ. ಮರಗಳನ್ನು ನೋಡುತ್ತ ಎಸೆದವನು ಮರಕ್ಕೇ ಹೊಡೆಯುತ್ತಾನೆ. ಎರಡು ಮರಗಳ ನಡುವಿನ ಬೆಳಕನ್ನು ನೋಡುವುದು ಅಭ್ಯಾಸವಾಗಬೇಕು.

ತಂದಿರುವ ಮೂರು ಡಿಸ್ಕುಗಳಲ್ಲಿ ಯಾವುದನ್ನು ಬಳಸಬೇಕೆಂಬುದೂ ಮುಖ್ಯ. ಬಹಳಷ್ಟು ಡಿಸ್ಕುಗಳ ಮೇಲೆ ನಾಲ್ಕು ಅಂಕೆಗಳನ್ನು ಅಚ್ಚು ಹಾಕಿರುತ್ತಾರೆ. ಮೊದಲನೆಯದು ವೇಗ, ಅಂದರೆ ಆ ಡಿಸ್ಕ್ ತನ್ನ ಗುಣದಂತೆ ಹಾರಲು ಎಷ್ಟು ರಭಸ ಬೇಕೆಂಬುದರ ಅಳತೆ. ಎರಡನೆಯದು ತೇಲುವ ಗುಣ. ಮೂರನೆಯದು ಹಾರಾಟದ ಆರಂಭದಲ್ಲಿ ಅದು ಹೊರಳುವ ಪರಿ. ಕೊನೆಯದು ಹಾರಾಟದ ಅಂತ್ಯದಲ್ಲಿ ಬಾಗುವ ಪರಿ. ವೇಗದ ಅಂಕೆ ಎರಡು ಮೂರು ಇದ್ದರೆ ಅದು ಪಟ್ಟರ್, ನಾಲ್ಕೈದು ಇದ್ದರೆ ಮಿಡ್‌ರೇಂಜ್, ಒಂಬತ್ತನ್ನು ದಾಟಿದರೆ ದೂರಕ್ಕೆಂದು ಮಾಡಿದ ಡ್ರೈವರ್. ಅಂಗಡಿಯವರು ಹೊಸಬರಿಗೆ ಚೂಪು ಅಂಚಿನ ಡ್ರೈವರನ್ನೇ ಮೊದಲು ತೋರಿಸುತ್ತಾರೆ, ಆದರೆ ಮರಗಳ ನಡುವೆ ಅದರಷ್ಟು ಕೈಕೊಡುವ ಡಿಸ್ಕ್ ಬೇರೊಂದಿಲ್ಲ. ಬೇಕಾದ ರಭಸ ಸಿಗದ ಡ್ರೈವರ್ ಅರ್ಧ ದಾರಿಯಲ್ಲೇ ಪಕ್ಕಕ್ಕೆ ಎರಗುತ್ತದೆ. ದುಂಡು ಅಂಚಿನ ಪಟ್ಟರ್ ಮತ್ತು ಮಿಡ್‌ರೇಂಜ್ ಮಾತ್ರ ಹಿಡಿದುಕೊಂಡು ಆರು ತಿಂಗಳು ಆಡಿ. ಡ್ರೈವರ್ ಅಲ್ಲಿಯವರೆಗೆ ಗೋಡೆಗೆ ಒರಗಿಕೊಂಡಿರಲಿ.

ಕೊನೆಗೆ, ಡಿಸ್ಕ್ ದಾರಿ ಬಿಟ್ಟು ಹಳುವಿನೊಳಗೆ ಹೋಯಿತೆಂದಿಟ್ಟುಕೊಳ್ಳಿ. ಅಲ್ಲಿಂದ ಅಂಗೈಯಗಲದ ಕಿಂಡಿಯಲ್ಲಿ ಬುಟ್ಟಿ ಕಾಣಿಸುತ್ತದೆ, ಕೈ ತುರಿಸುತ್ತದೆ. ಕೊಪ್ಪದ ಕಡೆಯ ಸ್ನೇಹಿತರ ತೋಟದ ಅಂಚಿನಲ್ಲಿ ಹೆಡಿಗೆಗಳನ್ನಿಟ್ಟು ನಾವು ಆಡಿಕೊಂಡ ಮೊದಲ ದಿನ ನಾನು ಅಂತಹ ಕಿಂಡಿಯೊಂದನ್ನು ನಂಬಿ ಒಂದೇ ಹೋಲ್‌ಗೆ ಒಂಬತ್ತು ಎಸೆತ ಕಳೆದುಕೊಂಡೆ. ಪಕ್ಕಕ್ಕೋ ಹಿಂದಕ್ಕೋ ಮೆಲ್ಲಗೆ ಎಸೆದು ಮತ್ತೆ ದಾರಿಗೆ ಬಂದಿದ್ದರೆ ಐದರಲ್ಲಿ ಮುಗಿಯುತ್ತಿತ್ತು.

ಪ್ರಶ್ನೆ: ನಾನು ಬಲಗೈಯಲ್ಲಿ ಎಸೆಯುತ್ತೇನೆ. ಎಷ್ಟೇ ನೇರವಾಗಿ ಬಿಟ್ಟರೂ ಡಿಸ್ಕ್ ಕೊನೆಯಲ್ಲಿ ಎಡಕ್ಕೆ ಬಾಗಿ ಎಡಗಡೆಯ ಮರಕ್ಕೇ ಬಡಿಯುತ್ತದೆ. ತಪ್ಪು ನನ್ನದೋ ಡಿಸ್ಕಿನದೋ? (ತೀರ್ಥಹಳ್ಳಿ)

ಉತ್ತರ: ಇಬ್ಬರದೂ ಅಲ್ಲ. ಎದೆಯ ಮುಂದಿನಿಂದ ಬೀಸಿ ಎಸೆಯುವ ಈ ಬಗೆಯನ್ನು ಬ್ಯಾಕ್‌ಹ್ಯಾಂಡ್ ಎನ್ನುತ್ತಾರೆ; ಬಲಗೈಯವರು ಹೀಗೆ ಎಸೆದಾಗ ಡಿಸ್ಕ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಹಾರಾಟದ ಕೊನೆಯಲ್ಲಿ ವೇಗ ತಗ್ಗಿದಾಗ ಗಾಳಿಯ ಎತ್ತುವಿಕೆ ಡಿಸ್ಕಿನ ನಡುಬಿಂದುವಿಗಿಂತ ಮುಂದಕ್ಕೆ ಬಂದು ಅದರ ಮುಂಭಾಗವನ್ನು ಮೇಲೆತ್ತಲು ನೋಡುತ್ತದೆ. ತಿರುಗದ ವಸ್ತುವಾಗಿದ್ದರೆ ಮುಂಭಾಗವೇ ಏಳುತ್ತಿತ್ತು. ಆದರೆ ತಿರುಗುವ ವಸ್ತುವಿನ ಸ್ವಭಾವವೇ ಬೇರೆ: ತಳ್ಳು ಬಿದ್ದ ಜಾಗದಲ್ಲಿ ಮಣಿಯದೆ, ತಿರುಗುವ ದಿಕ್ಕಿನಲ್ಲಿ ಕಾಲು ಸುತ್ತು ಮುಂದೆ ಮಣಿಯುತ್ತದೆ. ಓರೆಯಾದ ಬುಗುರಿ ತಟ್ಟನೆ ಬೀಳದೆ ಓಲಾಡುತ್ತ ಸುತ್ತುವುದೂ ಇದೇ ಕಾರಣಕ್ಕೆ. ಹೀಗಾಗಿ ಮುಂಭಾಗಕ್ಕೆ ಬಿದ್ದ ಎತ್ತುವಿಕೆಯಿಂದ ಬಲ ಅಂಚು ಮೇಲೇಳುತ್ತದೆ, ಡಿಸ್ಕ್ ಎಡಕ್ಕೆ ವಾಲಿ ಎಡಕ್ಕೆ ಜಾರುತ್ತದೆ. ವೇಗ ಹೆಚ್ಚಿರುವ ಆರಂಭದಲ್ಲಿ ಇದು ತಿರುಗುಮುರುಗಾಗಿ, ಕೆಲವು ಡಿಸ್ಕುಗಳು ಮೊದಲು ಬಲಕ್ಕೆ ಹೊರಳುವುದೂ ಉಂಟು.

ಈ ಬಾಗನ್ನು ಕಳೆಯಲು ಹೋಗುವ ಬದಲು ಬಳಸಿಕೊಳ್ಳುವುದೇ ಜಾಣತನ. ದಾರಿ ಎಡಕ್ಕೆ ತಿರುಗುವಲ್ಲಿ ಈಗಿನಂತೆಯೇ ಎಸೆಯಿರಿ, ಡಿಸ್ಕಿನ ಹೊರ ಅಂಚನ್ನು ಸ್ವಲ್ಪ ತಗ್ಗಿಸಿ ಬಿಟ್ಟರೆ ಇನ್ನಷ್ಟು ಬೇಗ ತಿರುಗುತ್ತದೆ. ಬಲಕ್ಕೆ ತಿರುಗುವ ದಾರಿಗೆ ಕೆರೆಯಲ್ಲಿ ಕಲ್ಲು ಚಿಮ್ಮಿಸುವಂತೆ ಎಸೆಯುವ ಫೋರ್‌ಹ್ಯಾಂಡ್ ಕಲಿಯಿರಿ. ಆಗ ತಿರುಗುವ ದಿಕ್ಕು ಬದಲಾಗುವುದರಿಂದ ಬಾಗುವುದೂ ಬಲಕ್ಕೆ. ನೇರ ದಾರಿಗೆ ಮರಕ್ಕೆ ಬಡಿದು ಬಡಿದು ಅಂಚು ಸವೆದ ಹಳೆಯ ಡಿಸ್ಕ್ ಒಳ್ಳೆಯದು, ಏಕೆಂದರೆ ಸವೆದಂತೆಲ್ಲ ಅದು ಎಡಕ್ಕೆ ಬಾಗುವುದು ಕಡಿಮೆಯಾಗಿ ಬಲಕ್ಕೆ ಹೊರಳುವುದು ಹೆಚ್ಚುತ್ತದೆ. ಹಾಗಾಗಿ ಹಳೆಯದನ್ನು ಎಸೆದುಬಿಡಬೇಡಿ. ಎಸೆಯುವುದಿದ್ದರೆ ಆಟದಲ್ಲೇ ಎಸೆಯಿರಿ.

ಪ್ರಶ್ನೆ: ನಾವು ಏಳೆಂಟು ಗೆಳೆಯರು. ಊರಿನ ಉದ್ಯಾನದ ಹಿಂಭಾಗದಲ್ಲಿ ಒಳ್ಳೆಯ ಮರಗಳಿವೆ, ಜನಸಂಚಾರ ಕಡಿಮೆ. ಮರಗಳಿಗೆ ಮೊಳೆ ಹೊಡೆದು ಬುಟ್ಟಿ ತೂಗುಹಾಕಿ ಆಡಬಹುದೇ? ಅದಾಗದಿದ್ದರೆ ಪಕ್ಕದ ಮೀಸಲು ಅರಣ್ಯದಲ್ಲೋ ಮನೆಯ ಸೊಪ್ಪಿನಬೆಟ್ಟದಲ್ಲೋ ಆಡಬಹುದೇ? (ಸಾಗರ)

ಉತ್ತರ: ಮೊಳೆಯ ಮಾತನ್ನು ಮೊದಲು ಬಿಟ್ಟುಬಿಡಿ. ಮೊಳೆ ಹೊಕ್ಕ ಗಾಯದಿಂದ ಮರದೊಳಕ್ಕೆ ಶಿಲೀಂಧ್ರ ಸೇರುತ್ತದೆ. ಅಷ್ಟಕ್ಕೂ ಮರವನ್ನು ಗುರಿಯ ಜಾಗವಾಗಿ ಮಾಡಿದರೆ ದಿನಕ್ಕೆ ನೂರಾರು ಏಟು ಒಂದೇ ಕಾಂಡಕ್ಕೆ ಬೀಳುತ್ತವೆ. ಮತ್ತಿಯಂತಹ ದಪ್ಪ ತೊಗಟೆಯ ಮರ ಅಷ್ಟಿಷ್ಟು ತಡೆದೀತು, ಎಳೆಯ ಸಸಿಗಳು ಮತ್ತು ಸೀಬೆಯಂತಹ ತೆಳು ತೊಗಟೆಯ ಮರಗಳು ತಡೆಯಲಾರವು. ಬಿದಿರಿನ ಗಳುವಿಗೆ ಸೊಂಟದೆತ್ತರದಲ್ಲಿ ಹೆಡಿಗೆಯನ್ನೋ ಹಳೆಯ ಪ್ಲಾಸ್ಟಿಕ್ ಬುಟ್ಟಿಯನ್ನೋ ಕಟ್ಟಿ, ಗಳುವನ್ನು ಮಣ್ಣು ತುಂಬಿದ ಡಬ್ಬದಲ್ಲಿ ನಿಲ್ಲಿಸಿದರೆ ಸಾಕು. ಆಟ ಮುಗಿದ ಮೇಲೆ ಮನೆಗೆ ಒಯ್ಯಬಹುದು. ಸರಪಣಿಯಿಲ್ಲದ ಬುಟ್ಟಿಯಿಂದ ಡಿಸ್ಕ್ ಪುಟಿದು ಹೊರಬೀಳುವುದು ಹೆಚ್ಚಾದ್ದರಿಂದ, ಗಳುವಿಗೆ ತಗುಲಿದರೂ ಆಯಿತೆಂದು ನಿಮ್ಮೊಳಗೇ ಒಪ್ಪಂದ ಮಾಡಿಕೊಳ್ಳಿ. ಒಂದೇ ಜಾಗದಲ್ಲಿ ಬುಟ್ಟಿ ಇಟ್ಟರೆ ಸುತ್ತಲಿನ ಹುಲ್ಲು ಸತ್ತು, ಮಣ್ಣು ಗಟ್ಟಿಯಾಗಿ, ಮರದ ಬೇರುಗಳು ಮೇಲೆ ಕಾಣತೊಡಗುತ್ತವೆ. ಇಳಿಜಾರಿದ್ದರೆ ನಮ್ಮ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ. ಅದಕ್ಕೇ ಪರದೇಶದ ಒಳ್ಳೆಯ ಅಂಕಣಗಳಲ್ಲಿ ಪ್ರತಿ ಹೋಲ್‌ಗೂ ಬುಟ್ಟಿಯ ಎರಡು ಮೂರು ತಾಣಗಳಿದ್ದು, ಆಗಾಗ ಬದಲಿಸುತ್ತಿರುತ್ತಾರೆ.

ಉದ್ಯಾನ ನಗರಸಭೆಯದಾಗಿದ್ದರೆ ಪೌರಾಯುಕ್ತರಿಗೆ ಅರ್ಜಿ ಕೊಟ್ಟು, ಎಲ್ಲಿ, ಯಾವ ದಿನ, ಎಷ್ಟು ಹೊತ್ತು ಆಡುತ್ತೀರೆಂದು ನಕ್ಷೆಯೊಂದಿಗೆ ತಿಳಿಸಿ. ಒಂಬತ್ತು ಹೋಲ್‌ಗಳ ಆಸೆ ಬೇಡ. 40ರಿಂದ 60 ಮೀಟರಿನ ಐದು ಹೋಲ್‌ಗಳು ನಿಮಗೆ ಸಾಲುತ್ತವೆ. ನಕ್ಷೆ ಬರೆಯುವಾಗ ನೆನಪಿಡಬೇಕಾದದ್ದು ಒಂದೇ: ವಾಯುವಿಹಾರದ ದಾರಿಯಾಗಲಿ, ಮಕ್ಕಳ ಜಾರುಬಂಡೆಯಾಗಲಿ, ಕಲ್ಲುಬೆಂಚಾಗಲಿ ಎಸೆತದ ಸಾಲಿನಲ್ಲಿ ಬರಕೂಡದು, ಬಡಿದು ಚಿಮ್ಮಿದ ಡಿಸ್ಕ್ ಮುಟ್ಟುವಷ್ಟು ಪಕ್ಕದಲ್ಲೂ ಇರಕೂಡದು. ನುರಿತ ವೃತ್ತಿಪರರ ಎಸೆತ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೀರುತ್ತದೆ; ಹೊಸಬರದು ಅದರ ಅರ್ಧವಾದರೂ, ಗಟ್ಟಿ ಅಂಚು ಹಣೆಗೆ ತಾಗಿದರೆ ಹೊಲಿಗೆ ಖಂಡಿತ. ಮರಗಳ ಮರೆಯಲ್ಲಿ ಎದುರಿನವರು ಕಾಣದಿರುವುದರಿಂದ ಸಂದಿನಾಚೆ ಒಬ್ಬರು ನಿಂತು ಕೈ ಎತ್ತಿದ ಮೇಲೆಯೇ ಎಸೆಯಬೇಕು. ಅಜ್ಜಂದಿರು ನಡೆದುಬಂದರೆ ಆಟ ನಿಲ್ಲಬೇಕು. ಉದ್ಯಾನ ಅವರದೂ ಹೌದು, ಅವರು ನಿಮಗಿಂತ ಮೊದಲು ಬಂದವರೂ ಹೌದು.

ಮೀಸಲು ಅರಣ್ಯವನ್ನು ಮರೆತುಬಿಡಿ. ಅನುಮತಿಯಿಲ್ಲದೆ ಅಲ್ಲಿ ಕಾಲಿಡುವುದೇ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸೊಪ್ಪಿನಬೆಟ್ಟದ ವಿಷಯ ಸ್ವಲ್ಪ ಸೂಕ್ಷ್ಮ. ಅಡಿಕೆ ತೋಟಕ್ಕೆ ಸೊಪ್ಪು, ದರಗು ತರುವ ಸವಲತ್ತು ಮನೆಯವರಿಗೆ ಇದೆಯೇ ಹೊರತು ಜಾಗ ಸರ್ಕಾರದ್ದೇ. ಭಾನುವಾರ ನಾಲ್ಕು ಜನ ಸೇರಿ ಡಿಸ್ಕ್ ಎಸೆದರೆ ಯಾರೂ ಕೇಳಲಿಕ್ಕಿಲ್ಲ, ಆದರೆ ದಾರಿ ಬಿಡಿಸಲೆಂದು ಒಂದು ಗಿಡ ಕಡಿದರೂ ಕೇಳುವವರು ಬರುತ್ತಾರೆ, ಬರಬೇಕು ಕೂಡ. ಇದ್ದ ಮರಗಳ ನಡುವೆ ದಾರಿ ಹುಡುಕುವುದೇ ಆಟವಾಗಿರುವಾಗ ಮರ ಕಡಿದು ದಾರಿ ಮಾಡುವುದರಲ್ಲಿ ಅರ್ಥವೂ ಇಲ್ಲ.

ಪ್ರಶ್ನೆ: ಮಗ ಗೆಳೆಯರ ಜೊತೆ ಮರಗಳ ನಡುವೆ ಈ ಆಟ ಆಡಲು ಹೋಗುತ್ತಾನೆ, ಪೊದೆಗಳಲ್ಲಿ ಡಿಸ್ಕ್ ಹುಡುಕುತ್ತಾನೆ. ನಮ್ಮ ಕಡೆ ಮಂಗನ ಕಾಯಿಲೆಯ ಭಯವಿದೆ. ಕಳುಹಿಸಬಹುದೇ? (ಹೊಸನಗರ)

ಉತ್ತರ: ಅಮ್ಮಾ, ನಿಮ್ಮ ಭಯ ಅತಿಯಾದದ್ದಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆಯನ್ನು ಹರಡುವುದು ಉಣುಗು. ದರಗಿನ ನಡುವೆ, ಗಿಡಗಂಟಿಗಳ ಎಲೆಯ ತುದಿಯಲ್ಲಿ ಕೂತಿರುವ ಮರಿ ಉಣುಗುಗಳು ಕಣ್ಣಿಗೆ ಸುಲಭವಾಗಿ ಕಾಣುವುದೂ ಇಲ್ಲ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಅವುಗಳ ಕಾಟ ಹೆಚ್ಚು. ಆಟಕ್ಕೆ ಹಿತವಾದ ಹವೆ ಇರುವುದೂ ಅದೇ ತಿಂಗಳುಗಳಲ್ಲಿ ಎಂಬುದು ಮಲೆನಾಡಿನ ದುರದೃಷ್ಟ.

ಆ ಕಾಲದಲ್ಲಿ ಕಾಡಿನ ಅಂಚಿಗೆ ಹೋಗದೆ, ನೆಲ ಗುಡಿಸಿ ಚೊಕ್ಕಟವಾಗಿಟ್ಟ ಪೇಟೆಯ ಉದ್ಯಾನದಲ್ಲೇ ಆಡಲು ಹೇಳಿ. ಹೊರಡುವ ಮುನ್ನ ಕಾಲು, ಕೈ, ಕುತ್ತಿಗೆಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳಲಿ. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಲಿ. ಡಿಸ್ಕ್ ಹುಡುಕುವಾಗ ದರಗನ್ನು ಕೈಯಿಂದ ಕೆದಕದೆ ಕೋಲಿನಿಂದ ಸರಿಸಲಿ. ಹಾವಿನ ದೃಷ್ಟಿಯಿಂದಲೂ ಇದು ಒಳ್ಳೆಯದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ಉಜ್ಜಿ ಸ್ನಾನ ಮಾಡಬೇಕು. ಆಡುವ ಜಾಗದ ಹತ್ತಿರ ಮಂಗ ಸತ್ತುಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ, ಆ ಜಾಗವನ್ನು ಆ ವರ್ಷದ ಮಟ್ಟಿಗೆ ಬಿಟ್ಟುಬಿಡಬೇಕು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮರಗಳ ನಡುವೆ ಓಡಾಡಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಇಷ್ಟನ್ನು ಪಾಲಿಸುತ್ತಾನೆಂಬ ನಂಬಿಕೆಯಿದ್ದರೆ ಕಳುಹಿಸಿ, ಇಲ್ಲವಾದರೆ ಜೂನ್‌ವರೆಗೆ ಶಾಲೆಯ ಬಯಲೇ ಇರಲಿ.

ಪ್ರಶ್ನೆ: ಡಿಸ್ಕ್ ಮರದ ಮೇಲೆ ಸಿಕ್ಕಿಕೊಂಡರೆ ನಿಯಮ ಏನು ಹೇಳುತ್ತದೆ? ಅಡ್ಡ ಬಂದ ಕೊಂಬೆಯನ್ನು ಮುರಿಯಬಹುದೇ? (ಕೊಪ್ಪ)

ಉತ್ತರ: ಡಿಸ್ಕಿನ ನೇರ ಕೆಳಗಿನ ನೆಲವೇ ನಿಮ್ಮ ಮುಂದಿನ ಎಸೆತದ ಜಾಗ. ಎರಡು ಮೀಟರಿಗಿಂತ ಎತ್ತರದಲ್ಲಿ ಸಿಕ್ಕಿಕೊಂಡರೆ ಒಂದು ಎಸೆತದ ದಂಡ ಎಂಬ ನಿಯಮ ಹಿಂದೆ ಎಲ್ಲೆಡೆ ಇತ್ತು. ಈಗ ಸ್ಪರ್ಧೆಯ ನಿರ್ದೇಶಕರು ಮೊದಲೇ ಸಾರಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಹುಡುಕಲು ಸಿಗುವ ಸಮಯ ಮೂರು ನಿಮಿಷ. ಸಿಗದಿದ್ದರೆ ಒಂದು ದಂಡ ಸೇರಿಸಿಕೊಂಡು ಹಿಂದಿನ ಜಾಗದಿಂದಲೇ ಎಸೆಯಬೇಕು. ಕೊಂಬೆ ಮುರಿಯುವುದಿರಲಿ, ಬೇಕೆಂದು ಬಗ್ಗಿಸಿ ಹಿಡಿಯುವುದಕ್ಕೂ ಅವಕಾಶವಿಲ್ಲ. ಗಿಡಮರಗಳು ಅತಿ ಕಡಿಮೆ ಅಲುಗುವಂತೆ ನಿಲ್ಲಬೇಕೆಂದು ಪಿಡಿಜಿಎ ನಿಯಮವೇ ಹೇಳುತ್ತದೆ. ಆದರೆ ಮರದಿಂದ ಕಳಚಿ ಬಿದ್ದ ಒಣ ಕೊಂಬೆಯನ್ನು ಸರಿಸಬಹುದು. ಹಾನಿ ಮಾಡುವ ಕೀಟಗಳಿದ್ದರೆ, ಬುಟ್ಟಿಯಿಂದ ದೂರವಾಗುವಂತೆ ಅದೇ ಗೆರೆಯಲ್ಲಿ ಹಿಂದೆ ಸರಿದು ದಂಡವಿಲ್ಲದೆ ಎಸೆಯಬಹುದು. ಹೆಜ್ಜೇನು ಕಂಡಾಗ ಅಷ್ಟಕ್ಕೇ ನಿಲ್ಲುವವನನ್ನು ನಾನಂತೂ ನೋಡಿಲ್ಲ.

ಸಿಕ್ಕಿಕೊಂಡ ಡಿಸ್ಕನ್ನು ಇಳಿಸಲು ಕಲ್ಲು ಬೀರಬೇಡಿ, ಮರ ಹತ್ತಬೇಡಿ. ಅಡಿಕೆ ಕೊನೆ ಇಳಿಸುವ ದೋಟಿ ನಿಮ್ಮ ಊರಿನಲ್ಲಿ ಮನೆಮನೆಯಲ್ಲೂ ಇದೆಯಲ್ಲ, ಅದನ್ನೇ ತನ್ನಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಮಾತ್ರ ಆ ಡಿಸ್ಕಿನ ಆಸೆ ಬಿಡಿ, ಲೋಹದ್ದಾಗಲಿ ಕಾರ್ಬನ್ ಫೈಬರಿನದಾಗಲಿ ದೋಟಿ ವಿದ್ಯುತ್ತನ್ನು ಹರಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಆಡಬಹುದೇ? ಯಾವ ಬಣ್ಣದ ಡಿಸ್ಕ್ ಕೊಳ್ಳಬೇಕು? (ಭದ್ರಾವತಿ)

ಉತ್ತರ: ಭದ್ರಾವತಿಯಲ್ಲಿ ಮಳೆ ಬಿಟ್ಟ ಹೊತ್ತು ನೋಡಿ ಆಡಬಹುದು, ಆಗುಂಬೆಯವರು ಇದೇ ಪ್ರಶ್ನೆ ಕೇಳಿದ್ದರೆ ಅಕ್ಟೋಬರಿನ ತನಕ ಕಾಯಿರಿ ಎನ್ನುತ್ತಿದ್ದೆ. ಒದ್ದೆ ಡಿಸ್ಕ್ ಕೈಜಾರಿ ಅಡ್ಡದಿಡ್ಡಿ ಹೋಗುವುದರಿಂದ ಪ್ರತಿ ಎಸೆತಕ್ಕೂ ಮೊದಲು ಅಂಚನ್ನು ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒರೆಸಿಕೊಳ್ಳಬೇಕು. ಪಾಚಿ ಕಟ್ಟಿದ ನೆಲದಲ್ಲಿ ಓಡಿಬಂದು ಎಸೆಯದೆ ನಿಂತೇ ಎಸೆಯಿರಿ. ಇಂಬಳಕ್ಕೆ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಗಂಟನ್ನು ಜೇಬಿನಲ್ಲಿಟ್ಟುಕೊಳ್ಳುವುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಬಣ್ಣದ ವಿಚಾರದಲ್ಲಿ ಹಸಿರು, ಕಂದು, ಕಪ್ಪು ಬೇಡವೇ ಬೇಡ. ಕೆಂಪು ಚೆನ್ನಾಗಿ ಕಾಣುತ್ತದೆಂದು ನಾನೂ ಮೊದಲು ನಂಬಿದ್ದೆ, ಬೇಸಗೆಯಲ್ಲಿ ಉದುರಿದ ದರಗಿನ ಮೇಲೆ ಅದು ಎಲೆಯಂತೆಯೇ ಮರೆಯಾಗಿ ಒಂದು ಒಳ್ಳೆಯ ಪಟ್ಟರ್ ಕಳೆದುಹೋಯಿತು. ಒಣ ದಿನಗಳಿಗೆ ಆಕಾಶನೀಲಿ, ಹಸಿರು ತುಂಬಿದ ದಿನಗಳಿಗೆ ಕಿತ್ತಳೆ, ಒಂದನ್ನೇ ಕೊಳ್ಳುವುದಾದರೆ ಗಾಢ ಗುಲಾಬಿ. ಹಿಂಬದಿಯಲ್ಲಿ ಅಳಿಸದ ಶಾಯಿಯಿಂದ ನಿಮ್ಮ ಫೋನ್ ನಂಬರ್ ಬರೆದಿಡಿ; ದನ ಕಾಯುವ ಹುಡುಗರಿಗೆ ಸಿಕ್ಕರೆ ಕರೆ ಮಾಡಿಯಾರು.